ಹುಳುಗಳ ಸೂರಿಗೆ ಹೊಲದ ದಂಟೇ ಸಾಕು

ಪಾಶ್ಚಾತ್ಯ ದೇಶಗಳ ಉದ್ಯಾನಗಳಲ್ಲಿ ಬೆಳೆದ ‘ಕೀಟಗಳ ಹೋಟೆಲ್’ ಎಂಬ ಕಲ್ಪನೆ ಈಗ ನಮ್ಮ ನಾಡಿನ ಕೈತೋಟಗಳಿಗೂ ಬಂದಿದೆ. ಅದರೊಡನೆ ಬಣ್ಣ ಬಳಿದ ಪೆಟ್ಟಿಗೆ, ಪ್ಲಾಸ್ಟಿಕ್ ಕೊಳವೆಗಳೂ ಮಾರಾಟಕ್ಕೆ ಬಂದಿವೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಜನರು ಇದಕ್ಕಾಗಿ ಒಂದು ರೂಪಾಯಿಯನ್ನೂ ವ್ಯಯಿಸಬೇಕಾಗಿಲ್ಲ. ಬೇಕಾದುದೆಲ್ಲವೂ ಹೊಲದಲ್ಲಿ, ಕಣದಲ್ಲಿ, ಹಿತ್ತಲಿನಲ್ಲಿ ಬಿದ್ದಿದೆ.

ಜೇನೆಂದರೆ ಹೆಜ್ಜೇನು, ತುಡುವೆಗಳಷ್ಟೇ ಅಲ್ಲ. ಜಗತ್ತಿನ ಸುಮಾರು 20,000 ಜಾತಿಯ ಜೇನುನೊಣಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವಂಥವು. ತೊಗರಿ ಹೂವನ್ನು ಅದುಮಿ ತೆರೆಯುವ ಎಲೆಕತ್ತರಿ ಜೇನುನೊಣ, ಒಣಮರ ಕೊರೆಯುವ ಕರಿ ದುಂಬಿ ಇವೇ ಆ ಬಳಗದವು. ಸೂರ್ಯಕಾಂತಿ, ಹೀರೆ, ಕುಂಬಳಗಳ ಕಾಯಿಕಟ್ಟುವಿಕೆ ಇಂಥ ಕೀಟಗಳನ್ನು ಅವಲಂಬಿಸಿದೆ. ಮಣ್ಣಿನ ಗೋಡೆಯ ಮಾಳಿಗೆಮನೆ, ಮುಳ್ಳುಬೇಲಿ, ಒಣಗಿ ನಿಂತ ಮರ ಇವು ಹಿಂದೆ ಅವುಗಳಿಗೆ ಆಶ್ರಯವಾಗಿದ್ದವು. ಗೋಡೆ ಸಿಮೆಂಟಾಯಿತು, ಬೇಲಿ ತಂತಿಯಾಯಿತು, ಒಣಮರ ಒಲೆ ಸೇರಿತು. ಆದ್ದರಿಂದ ಕೀಟಗಳಿಗೆ ಮನೆ ಕಟ್ಟುವುದು ಅಲಂಕಾರವಲ್ಲ. ಕಸಿದುಕೊಂಡುದನ್ನು ಹಿಂದಿರುಗಿಸುವ ಕ್ರಿಯೆ.

ಸಾಮಗ್ರಿಯ ಆಯ್ಕೆಯಲ್ಲಿ ವಿವೇಕ ಬೇಕು. ಬೆಂಡು ತುಂಬಿದ ಜೋಳದ ದಂಟು, ಟೊಳ್ಳಾದ ಔಡಲದ ಕಾಂಡ, ಮೇದಾರರು ಕತ್ತರಿಸಿ ಬಿಟ್ಟ ಬಿದಿರಿನ ತುಂಡು ಇವು ಶ್ರೇಷ್ಠ. ಬಿದಿರಿನ ಗಿಣ್ಣು ಒಂದು ತುದಿಯನ್ನು ತಾನಾಗಿ ಮುಚ್ಚಿರುತ್ತದೆ. ರಂಧ್ರದ ಅಗಲ 3ರಿಂದ 10 ಮಿ.ಮೀ., ಆಳ ಸುಮಾರು 15 ಸೆಂ.ಮೀ. ಇರಲಿ. ತಾಯಿಜೇನು ಹೆಣ್ಣು ಸಂತತಿಯ ತತ್ತಿಗಳನ್ನು ಒಳಭಾಗದಲ್ಲಿಯೂ ಗಂಡಿನವನ್ನು ಬಾಯಿಯ ಬಳಿಯೂ ಇಡುತ್ತದೆ; ಕೊಳವೆ ಗಿಡ್ಡವಾದರೆ ಹೆಣ್ಣುಗಳು ಕಡಿಮೆಯಾಗುತ್ತವೆ. ಚೆನ್ನಾಗಿ ಒಣಗಿದ ಜಾಲಿಯ ತುಂಡಿಗೆ ಪಕ್ಕದಿಂದ ರಂಧ್ರ ಕೊರೆದು, ಸಿಬಿರುಗಳನ್ನು ಉಜ್ಜಿ ನಯಗೊಳಿಸಬೇಕು. ಸಿಬಿರು ರೆಕ್ಕೆಯನ್ನು ಹರಿಯುತ್ತದೆ. ಮಣ್ಣು, ಮರಳು ಕಲಸಿದ ಮುದ್ದೆಗೆ ಕಡ್ಡಿಯಿಂದ ತೂತು ಮಾಡಿ ಒಣಗಿಸಿದರೆ ಹಳೆಯ ಗೋಡೆಯೇ ಮರಳಿದಂತೆ. ಪ್ಲಾಸ್ಟಿಕ್, ಗಾಜಿನ ಕೊಳವೆಗಳು ತೇವವನ್ನು ಹೀರದೆ ಬೂಷ್ಟು ಹಿಡಿಸಿ ಮರಿಗಳನ್ನು ಕೊಲ್ಲುತ್ತವೆ. ಬಣ್ಣ, ವಾರ್ನಿಷ್, ಗೆದ್ದಲುನಾಶಕ ಸೋಂಕಿದ ಹಲಗೆ ಸರ್ವಥಾ ಬೇಡ.

ಮುಂಗಾರಿನ ಮಳೆಗಾಳಿ ಪಶ್ಚಿಮದಿಂದ ಬೀಸುವುದರಿಂದ ಮನೆಯ ಮುಖ ಪೂರ್ವಕ್ಕಿರಲಿ. ಮೇಲೆ ಸೂರು, ನೆಲದಿಂದ ಒಂದು ಮೀಟರ್ ಎತ್ತರ, ಬೇಸಿಗೆಯ ಮಧ್ಯಾಹ್ನಕ್ಕೆ ನೆರಳು ಅವಶ್ಯ. ಮರಿಗಳು ಹೊರಬಂದ ಹಳೆಯ ದಂಟುಗಳನ್ನು ವರ್ಷಕ್ಕೊಮ್ಮೆ ಬದಲಿಸದಿದ್ದರೆ ನುಸಿ, ಪರಾವಲಂಬಿಗಳು ಹೆಚ್ಚಿ ಆಶ್ರಯವೇ ಬಲೆಯಾಗುತ್ತದೆ.

ಆದರೆ ಇಷ್ಟರಿಂದಲೇ ತೃಪ್ತರಾಗುವುದು ಆತ್ಮವಂಚನೆ. ಒಂಟಿ ಜೇನುಗಳಲ್ಲಿ ಹೆಚ್ಚಿನವು ಬಿಲ ತೋಡುವುದು ನೆಲದಲ್ಲಿ. ಅವಕ್ಕೆ ಬೇಕಾದುದು ಉಳುಮೆಯಾಗದ ಬದುವಿನ ಬರಿನೆಲ. ಮೆಕ್ಕೆಜೋಳದ ಹೂವಿನಲ್ಲಿ ಪರಾಗವಿದೆ, ಮಕರಂದವಿಲ್ಲ. ಅದೊಂದನ್ನೇ ದಿಗಂತದವರೆಗೆ ಬಿತ್ತಿದರೆ ಮನೆಯಿದ್ದೂ ಅನ್ನವಿಲ್ಲದಂತೆ. ಬದುವಿನಲ್ಲಿ ತುಂಬೆ, ತಂಗಡಿ ಅರಳಲಿ. ಹೂಬಿಟ್ಟ ಬೆಳೆಗೆ ಬೆಳಗಿನ ಹೊತ್ತು ವಿಷ ಸಿಂಪಡಿಸುವುದು ನಿಲ್ಲಲಿ.

ವಿದ್ಯಾರ್ಥಿಗಳು ಶಾಲೆಯ ಆವರಣದಲ್ಲಿ ಒಂದು ಕಟ್ಟು ದಂಟನ್ನು ತೂಗುಹಾಕಿ, ಮಣ್ಣು ಇಲ್ಲವೆ ಎಲೆಯಿಂದ ಮುಚ್ಚಿದ ರಂಧ್ರಗಳನ್ನು ಪ್ರತಿ ವಾರ ಎಣಿಸಿ ಬರೆದಿಡಲಿ. ತಮ್ಮೂರಿನ ಹೊಲಗಳ ಆರೋಗ್ಯವನ್ನು ಅಳೆಯಲು ಇದಕ್ಕಿಂತ ಅಗ್ಗದ ಪ್ರಯೋಗಾಲಯ ಮತ್ತೊಂದಿಲ್ಲ.