ಗಡಿಯ ಭಯ ಮತ್ತು ನೆರೆಯವನ ಹೊಲ

ಉಕ್ರೇನಿನ ಯುದ್ಧದ ಮಾತು ಬಂದಾಗಲೆಲ್ಲ ನಮ್ಮ ಕಲಬುರಗಿಯ ತಿಳಿದವರ ಬಾಯಲ್ಲಿ ಒಂದೇ ತೀರ್ಪು ಕೇಳಿಬರುತ್ತದೆ: "ಪಾಪ, ರಷ್ಯ ಏನು ಮಾಡಬೇಕಿತ್ತು? ವೈರಿ ಅಂಗಳದ ತನಕ ಬಂದು ನಿಂತ ಮೇಲೆ ಸುಮ್ಮನಿರಲಾದೀತೆ? ಗಡಿಯ ಭದ್ರತೆಯೆಂಬುದು ಒಂದಿದೆಯಲ್ಲ!" ವಕೀಲರ ಕೋಣೆಯಲ್ಲಿ, ಕಾಲೇಜುಗಳ ಅಧ್ಯಾಪಕರ ಕೊಠಡಿಯಲ್ಲಿ, ಸೂಪರ್ ಮಾರ್ಕೆಟ್ಟಿನ ಚಹಾದಂಗಡಿಗಳಲ್ಲಿ, ಕಮಲಾಪುರದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂಡ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಅವಿವೇಕಿಗಳಲ್ಲ; ದಿನವೂ ಪತ್ರಿಕೆ ಓದುವವರು, ಭೂಪಟ ನೋಡಬಲ್ಲವರು. ಆದುದರಿಂದಲೇ ಈ ಮಾತನ್ನು ಪರೀಕ್ಷಿಸದೆ ಬಿಡುವುದು ತರವಲ್ಲ. ಕೇಳುವುದಕ್ಕೆ ಇದು ರಾಜನೀತಿಯ ಮಾತಿನಂತಿದೆ. ಆದರೆ ಭಾರತೀಯನಾದವನು, ಅದರಲ್ಲೂ ಈ ಗಡಿಸೀಮೆಯ ಕನ್ನಡಿಗನಾದವನು, ಸರ್ವಥಾ ಆಡಬಾರದ ಮಾತು ಎಂಬುದೇ ನನ್ನ ವಾದ.

ಮೊದಲು ಪ್ರತಿಪಕ್ಷಕ್ಕೆ ಸಲ್ಲತಕ್ಕದ್ದನ್ನು ಸಲ್ಲಿಸಿಬಿಡೋಣ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ನ್ಯಾಟೋ ಎಂಬ ಪಾಶ್ಚಾತ್ಯ ಸೈನಿಕ ಕೂಟವು ತನ್ನ ಕೆಲಸ ಮುಗಿಯಿತೆಂದು ಮನೆಗೆ ಹೋಗಲಿಲ್ಲ. 1999ರಲ್ಲಿ ಪೋಲೆಂಡ್, ಹಂಗೇರಿ, ಝೆಕ್ ದೇಶಗಳನ್ನು ಸೇರಿಸಿಕೊಂಡಿತು. 2004ರಲ್ಲಿ ಬಾಲ್ಟಿಕ್ ತೀರದ ಮೂರು ದೇಶಗಳೂ ಸೇರಿ ಏಳು ದೇಶಗಳು ಒಳಬಂದವು. 2008ರಲ್ಲಿ ಬುಖಾರೆಸ್ಟಿನಲ್ಲಿ ಸಭೆ ಸೇರಿ, ಉಕ್ರೇನ್ ಮತ್ತು ಜಾರ್ಜಿಯ ಕೂಡ ಮುಂದೊಂದು ದಿನ ಸದಸ್ಯರಾಗುವುವೆಂದು ಸಾರಿತು. ಆದರೆ ಎಂದು ಎಂಬುದನ್ನು ಹೇಳಲಿಲ್ಲ. ಇದರಿಂದ ರಷ್ಯಕ್ಕೆ ಸಿಟ್ಟು ಬಂದಿತು, ಉಕ್ರೇನಿಗೆ ರಕ್ಷಣೆ ದೊರೆಯಲಿಲ್ಲ. ಈ ವಿಸ್ತರಣೆಯು ದೊಡ್ಡ ತಪ್ಪಾದೀತೆಂದು ಅಮೆರಿಕದ ಹಿರಿಯ ರಾಜತಂತ್ರಜ್ಞ ಜಾರ್ಜ್ ಕೆನನ್ ಅವರೇ 1997ರಲ್ಲಿ ಎಚ್ಚರಿಸಿದ್ದರು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಇವುಗಳಿಂದ ಸಿದ್ಧವಾಗುವುದು ರಷ್ಯಕ್ಕೆ ಭಯವಾಯಿತೆಂಬುದಷ್ಟೆ. ಭಯಪಟ್ಟವನಿಗೆ ನೆರೆಮನೆಗೆ ಬೆಂಕಿಯಿಡುವ ಹಕ್ಕು ಹುಟ್ಟುತ್ತದೆಂಬುದನ್ನು ಯಾರೂ ಸಿದ್ಧಪಡಿಸಿಲ್ಲ. ನಮ್ಮ ಮಿತ್ರರು ಮೊದಲನೆಯದನ್ನು ಸಾಧಿಸಿ, ಎರಡನೆಯದನ್ನೂ ಗೆದ್ದೆವೆಂದು ಎದ್ದು ಹೋಗುತ್ತಾರೆ.

ಇನ್ನು ಖಾತೆಯ ಮತ್ತೊಂದು ಪುಟವನ್ನೂ ತಿರುವಬೇಕಲ್ಲ. 1994ರಲ್ಲಿ ಬುಡಾಪೆಸ್ಟಿನಲ್ಲಿ ಒಂದು ಪತ್ರಕ್ಕೆ ರುಜು ಬಿದ್ದಿತು. ಸೋವಿಯತ್ ಕಾಲದಿಂದ ತನ್ನ ನೆಲದಲ್ಲಿ ಉಳಿದಿದ್ದ ಪರಮಾಣು ಅಸ್ತ್ರಗಳನ್ನು ಉಕ್ರೇನ್ ಬಿಟ್ಟುಕೊಡಲು ಒಪ್ಪಿತು. ಪ್ರತಿಯಾಗಿ ರಷ್ಯ, ಅಮೆರಿಕ, ಬ್ರಿಟನ್ ಮೂರೂ ಅದರ ಗಡಿಗಳನ್ನು ಗೌರವಿಸುವೆವೆಂದು ಮಾತು ಕೊಟ್ಟವು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 2014ರಲ್ಲಿ, ರಷ್ಯ ಕ್ರಿಮಿಯವನ್ನು ತನ್ನದಾಗಿಸಿಕೊಂಡಿತು. ಅಸ್ತ್ರ ಕೊಟ್ಟು ಮಾತು ಪಡೆದ ದೇಶ, ಮಾತು ಮುರಿದವನಿಗೆ ಹೆದರಿ ಬೇರೊಬ್ಬರ ಆಸರೆ ಹುಡುಕಿದರೆ ಅದು ಅಪರಾಧವೆ? ಗಡಿಯ ಭಯವೆಂಬುದು ದೊಡ್ಡ ದೇಶಗಳಿಗೆ ಮಾತ್ರ ಮಂಜೂರಾದ ಇನಾಮು ಭೂಮಿಯೇನು?

ಅದಿರಲಿ. ಭದ್ರತೆಯೇ ಈ ಯುದ್ಧದ ಕಾರಣವೆಂದು ವಾದಕ್ಕಾಗಿ ಒಪ್ಪಿಕೊಂಡು, ಅದರ ಫಲವನ್ನಾದರೂ ನೋಡೋಣ. ಸೋವಿಯತ್ ಒಕ್ಕೂಟವು ತನ್ನ ಪೂರ್ಣ ಬಲದಲ್ಲಿದ್ದ ಕಾಲದಲ್ಲಿಯೂ ಫಿನ್ಲೆಂಡ್ ನ್ಯಾಟೋ ಸೇರದೆ ಉಳಿದಿತ್ತು. ಸ್ವೀಡನ್ ಎರಡು ಶತಮಾನ ಯಾವ ಸೈನಿಕ ಕೂಟದ ಹಂಗೂ ಇಲ್ಲದೆ ಬಾಳಿತ್ತು. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿತು; 2023ರ ಏಪ್ರಿಲಿನಲ್ಲಿ ಫಿನ್ಲೆಂಡ್, 2024ರ ಮಾರ್ಚಿನಲ್ಲಿ ಸ್ವೀಡನ್ ನ್ಯಾಟೋವನ್ನು ಸೇರಿದವು. ಫಿನ್ಲೆಂಡಿನೊಡನೆ ರಷ್ಯಕ್ಕಿರುವ ಗಡಿ 1,300 ಕಿಲೋಮೀಟರಿಗೂ ಹೆಚ್ಚು. ಯಾವ ಕೂಟವನ್ನು ಬಾಗಿಲಿನಿಂದ ದೂರವಿಡಬೇಕೆಂದು ಇಷ್ಟು ರಕ್ತ ಹರಿಯಿತೋ, ಆ ಕೂಟದೊಡನೆ ರಷ್ಯಕ್ಕಿದ್ದ ಗಡಿ ಸರಿಸುಮಾರು ಇಮ್ಮಡಿಯಾಯಿತು. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟವನ ಕಥೆಯಲ್ಲಿ ಇಲಿಯಾದರೂ ಓಡಿಹೋಗುತ್ತದೆ. ಇಲ್ಲಿ ಅದೂ ಆಗಲಿಲ್ಲ.

ಹಾಗಾದರೆ ನಿಜವಾದ ಕಾರಣವೇನು? ಅದನ್ನು ಊಹಿಸಬೇಕಾಗಿಲ್ಲ, ಯುದ್ಧ ಹೂಡಿದವರೇ ಬರೆದಿಟ್ಟಿದ್ದಾರೆ. 2021ರ ಜುಲೈನಲ್ಲಿ ಅಧ್ಯಕ್ಷ ಪುಟಿನ್ ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನವೆಂದು ಸಾಧಿಸುವ ಉದ್ದವಾದ ಲೇಖನವೊಂದನ್ನು ಪ್ರಕಟಿಸಿದರು. ದಂಡಯಾತ್ರೆಗೆ ಮೂರು ದಿನ ಮುಂಚೆ ಮಾಡಿದ ಭಾಷಣದಲ್ಲಿ, ಆಧುನಿಕ ಉಕ್ರೇನ್ ಲೆನಿನ್ನನ ಬೊಲ್ಷೆವಿಕರು ಸೃಷ್ಟಿಸಿದ ದೇಶವೆಂದರು. 2022ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ಪ್ರಾಂತಗಳನ್ನು ರಷ್ಯಕ್ಕೆ ಸೇರಿಸಿಕೊಂಡೆವೆಂದು ಘೋಷಿಸಿದರು. ಕ್ಷಿಪಣಿಗಳ ಭಯವನ್ನೂ ಅವರು ಹೇಳಿದ್ದುಂಟು. ಆದರೆ ಕ್ಷಿಪಣಿಗೆ ಹೆದರಿದವನು ಸಾವಿರ ವರ್ಷದ ಹಿಂದಿನ ಅರಸರ ವಂಶಾವಳಿಯನ್ನೇಕೆ ತೆಗೆಯುತ್ತಾನೆ? ನೆರೆಯವನೆಂಬುವನು ಬೇರೆ ಇಲ್ಲವೇ ಇಲ್ಲ, ಅವನ ಮನೆಯೂ ನಮ್ಮದೇ ಎಂದವನು ಬೇಲಿಯ ಬಗೆಗೆ ಮಾತನಾಡುತ್ತಿಲ್ಲ, ಆಸ್ತಿಯ ಬಗೆಗೆ ಮಾತನಾಡುತ್ತಿದ್ದಾನೆ.

ಹಳೆಯ ರಾಜ್ಯಗಳ ಹೆಸರಿನಲ್ಲಿ ಹೊಸ ಗಡಿಗಳನ್ನು ಕೇಳುವುದು ಎಂಥ ಅನರ್ಥವೆಂಬುದನ್ನು ಈ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಅದು. ಅವರ ಸೇನೆ ಕನೌಜಿನವರೆಗೆ ಹೋಗಿಬಂದಿತ್ತು. ಎಲ್ಲೋರದ ಕೈಲಾಸ ದೇವಾಲಯ ಅವರು ಕೊರೆಯಿಸಿದ್ದು. ಅಮೋಘವರ್ಷನ ಆಸ್ಥಾನದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಒಯ್ಯುತ್ತದೆ. ಈ ಗ್ರಂಥವನ್ನು ತರಗತಿಯಲ್ಲಿ ಪಾಠ ಹೇಳುವ ನಾನು ಅದನ್ನು ಬಗಲಲ್ಲಿಟ್ಟುಕೊಂಡು ನಾಸಿಕ, ನಾಂದೇಡಗಳ ತಹಶೀಲ್ ಕಚೇರಿಗೆ ಹೋಗಿ ಖಾತೆ ಬದಲಾಯಿಸಿಕೊಡಿರೆಂದರೆ, ನನ್ನನ್ನು ಕೂರಿಸಿ ನೀರು ಕೊಟ್ಟು ಮನೆಗೆ ಕಳಿಸುವರು. ಅದೇ ಕೆಲಸವನ್ನು ಪರಮಾಣು ಅಸ್ತ್ರ ಹಿಡಿದವನೊಬ್ಬ ಮಾಡಿದರೆ ಅದಕ್ಕೆ 'ಐತಿಹಾಸಿಕ ಹಕ್ಕು' ಎಂಬ ಗಂಭೀರ ನಾಮಧೇಯ!

ಭಾಷೆಯ ಹೆಸರಿನ ವಾದ ಇನ್ನೂ ನವುರಾದದ್ದು. ಉಕ್ರೇನಿನ ಪೂರ್ವ ಭಾಗದಲ್ಲಿ ರಷ್ಯನ್ ಮಾತನಾಡುವವರಿದ್ದಾರೆ, ಅವರಿಗೆ ತೊಂದರೆಯಾಯಿತು, ಆದ್ದರಿಂದ ಸೇನೆ ಹೋಯಿತು ಎನ್ನುತ್ತಾರೆ. ಭಾಷೆಯ ವಿಷಯದಲ್ಲಿ ಉಕ್ರೇನಿನ ಕಾನೂನುಗಳು ಎಲ್ಲವೂ ಉದಾರವಾಗಿದ್ದುವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಆಳಂದ ದಾಟಿದರೆ ಅಕ್ಕಲಕೋಟೆ. ಅಲ್ಲಿಯೂ, ಜತ್ತದಲ್ಲಿಯೂ, ಸೊಲ್ಲಾಪುರದಲ್ಲಿಯೂ ಮನೆಯೊಳಗೆ ಕನ್ನಡ ಮಾತನಾಡುವ ಜನ ತಲೆತಲಾಂತರದಿಂದ ಇದ್ದಾರೆ. ಇತ್ತ ಬೆಳಗಾವಿಯಲ್ಲಿ ಮರಾಠಿಗರಿದ್ದಾರೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಮ್ಮಲ್ಲಿಯೇ ಉಳಿಯಲಿ, ಅಕ್ಕಲಕೋಟೆ ನಮಗೆ ಬರಲಿ, ಕಾಸರಗೋಡೂ ಬರಲಿ ಎಂದಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಎರಡೂ ಕಡೆ ವಾಹನಗಳಿಗೆ ಕಲ್ಲು ಬಿದ್ದವು, ಬಸ್ಸುಗಳಿಗೆ ಮಸಿ ಬಳಿದರು. ನಮಗೆ ನೋವಿಲ್ಲವೆ? ಇದೆ. ಕಾಸರಗೋಡಿನ ನೋವು ಯಾವ ಕನ್ನಡ ಅಧ್ಯಾಪಕನ ಎದೆಯಿಂದಲೂ ಹೋಗಿಲ್ಲ. ಆದರೂ ಆಯೋಗ, ನ್ಯಾಯಾಲಯ, ಹೋರಾಟ, ಶಾಲೆ, ಪತ್ರಿಕೆ ಇವುಗಳಾಚೆಗೆ ನಾವು ಕೈ ಚಾಚಲಿಲ್ಲ. ಕನ್ನಡ ಕೇಳಿಬಂದಲ್ಲೆಲ್ಲ ಕನ್ನಡದ ಬಂದೂಕು ಹೋಗಬೇಕೆಂದು ನಾವು ನಂಬಿದ್ದರೆ, ಆಳಂದದ ಗಡಿಯಲ್ಲಿ ಇಂದು ಬಸ್ಸು ಓಡುತ್ತಿರಲಿಲ್ಲ.

ಕಮಲಾಪುರದ ಕಡೆಯ ಕೆಂಪು ಬಾಳೆಯ ತೋಟದವನನ್ನೋ, ತೊಗರಿ ಹೊಲದವನನ್ನೋ ಕೇಳಿ ನೋಡಿ. ಗಡಿಯ ರಾಜಕಾರಣವನ್ನು ಅವನು ನಮ್ಮ ಪಂಡಿತರಿಗಿಂತ ಚೆನ್ನಾಗಿ ಬಲ್ಲ. ವರ್ಷಕ್ಕೊಂದು ಸಾಲು ಬದುವನ್ನು ಒತ್ತಿ ಉಳುವವನು ಪ್ರತಿ ಊರಿನಲ್ಲಿಯೂ ಒಬ್ಬನಿರುತ್ತಾನೆ. ಕೇಳಿದರೆ, "ನಿನ್ನ ಹೊಲದ ದನ ನನ್ನ ಹೊಲಕ್ಕೆ ನುಗ್ಗುತ್ತವೆ, ಕಾವಲಿಗೆ ಅಷ್ಟು ಜಾಗ ಬೇಕು" ಎನ್ನುತ್ತಾನೆ. ಆ ಜಾಗ ಸಿಕ್ಕಿತೆನ್ನೋಣ. ಮರುವರ್ಷ ಆ ಜಾಗದಲ್ಲಿಯೂ ಬೆಳೆ; ಅದಕ್ಕೂ ಕಾವಲು ಬೇಡವೆ? ಹೀಗೆ ಅವನ ಭಯವು ಅವನ ಹೊಲದೊಡನೆಯೇ ಬೆಳೆಯುತ್ತ ಹೋಗುತ್ತದೆ. ಇಂಥವನಿಗೆ ಹಳ್ಳಿಯವರು ದನ ಕಟ್ಟಿಸಿಕೊಡಬಹುದು, ಬೇಲಿಗೆ ಮುಳ್ಳು ಕೊಡಬಹುದು. ಬಾಂದಿನ ಕಲ್ಲು ಕೀಳಲು ಮಾತ್ರ ಬಿಡುವುದಿಲ್ಲ. ಒಬ್ಬನಿಗೆ ಬಿಟ್ಟರೆ ಊರಿನಲ್ಲಿ ಒಂದು ಕಲ್ಲೂ ಉಳಿಯದೆಂದು ಅವರಿಗೆ ಗೊತ್ತು.

ಇಲ್ಲಿಗೆ ಬಂದಾಗ ಮಿತ್ರರು ಕೊನೆಯ ಬಾಣ ಬಿಡುತ್ತಾರೆ: "ಅಮೆರಿಕ ಇರಾಕಿನಲ್ಲಿ ಮಾಡಿದ್ದೇನು?" ಮಾಡಿದ್ದು ಘೋರ ಅನ್ಯಾಯ. 2003ರಲ್ಲಿ ಸಮೂಹನಾಶದ ಅಸ್ತ್ರಗಳಿವೆಯೆಂದು ಹೇಳಿ ದೇಶವೊಂದನ್ನು ಧ್ವಂಸ ಮಾಡಿದರು, ಅಸ್ತ್ರಗಳು ಸಿಗಲಿಲ್ಲ. ಅಂದು ಅದನ್ನು ಖಂಡಿಸಿದವನಿಗೆ ಇಂದು ಇದನ್ನು ಖಂಡಿಸುವ ಅಧಿಕಾರ ಹೆಚ್ಚೇ ಆಯಿತಲ್ಲದೆ ಕಡಿಮೆಯಾಗಲಿಲ್ಲ. ಒಬ್ಬ ಕಳ್ಳ ಸಿಕ್ಕಿಬೀಳಲಿಲ್ಲವೆಂಬುದು ಇನ್ನೊಬ್ಬನ ಬಿಡುಗಡೆಗೆ ಜಾಮೀನು ಆಗುವುದು ಯಾವ ನ್ಯಾಯಶಾಸ್ತ್ರದಲ್ಲಿ?

ಹೆಸರಿನ ಮಾತನ್ನೂ ಆಡಬೇಕು. ರಷ್ಯ ಇದನ್ನು ಯುದ್ಧವೆನ್ನಲಿಲ್ಲ, 'ವಿಶೇಷ ಸೈನಿಕ ಕಾರ್ಯಾಚರಣೆ' ಎಂದಿತು. ಸೇನೆಯ ಬಗೆಗೆ ಸುಳ್ಳು ಹಬ್ಬಿಸಿದರೆಂದು ತೀರ್ಮಾನವಾದವರಿಗೆ 15 ವರ್ಷದವರೆಗೆ ಸೆರೆಯೆಂದು 2022ರ ಮಾರ್ಚಿನಲ್ಲಿ ಕಾನೂನು ಮಾಡಿತು. ಮೆತ್ತಗಿನ ಹೆಸರಿನ ಕೆಳಗೆ ಏನೇನು ಹೂತುಹೋಗುತ್ತದೆಂಬುದು ಕಲಬುರಗಿಗೆ ಹೊಸತಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ಬಂದುದನ್ನು ನಾವು 'ಪೊಲೀಸ್ ಕಾರ್ಯಾಚರಣೆ' ಎಂದೇ ಕರೆಯುತ್ತ ಬಂದಿದ್ದೇವೆ. ಎರಡೂ ಒಂದೇ ಅಲ್ಲ: ಇಲ್ಲಿ ಸ್ವಾಮಿ ರಾಮಾನಂದ ತೀರ್ಥರಂಥವರ ಜನಾಂದೋಲನವಿತ್ತು, ರಜಾಕಾರರ ಹಾವಳಿಯಿತ್ತು, ಬಂದ ಸೇನೆಯನ್ನು ಜನ ಬಿಡುಗಡೆಯೆಂದು ಕಂಡರು. ಆದರೆ ಆ ಸಂದರ್ಭದಲ್ಲಿಯೂ ಆಮೇಲೆಯೂ ನಡೆದ ಕೊಲೆಗಳಲ್ಲಿ 27,000ದಿಂದ 40,000 ಮಂದಿ ಸತ್ತರೆಂದು ನಮ್ಮ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಗುಲಬರ್ಗ, ಬೀದರಗಳ ಹೆಸರಿವೆ. ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ನ್ಯಾಯವಾದ ಕಾರಣಕ್ಕೆ ನಡೆದ ಐದು ದಿನದ ಕಾರ್ಯಾಚರಣೆಯ ನೆರಳೇ ಇಷ್ಟು ಉದ್ದವಾದರೆ, ಅನ್ಯಾಯದ ಯುದ್ಧದ ನೆರಳು ಎಷ್ಟಿದ್ದೀತು?

ಈಗ ನಮ್ಮ ಸ್ವಂತ ಲಾಭನಷ್ಟಕ್ಕೆ ಬರೋಣ. 'ಬಲಿಷ್ಠ ದೇಶಕ್ಕೆ ತನ್ನ ಸುತ್ತ ತಗ್ಗಿ ನಡೆಯುವ ನೆರೆಯವರಿರಬೇಕು. ಇಲ್ಲದಿದ್ದರೆ ಅದು ಕೈಯೆತ್ತುವುದು ಸಹಜ' ಎಂಬುದು ನಮ್ಮ ಮಿತ್ರರ ಸೂತ್ರ. ಈ ಸೂತ್ರವನ್ನು ಬೀಜಿಂಗಿಗೆ ಕೊಟ್ಟು ನೋಡಿ. 1962ರಲ್ಲಿ ಅವರು ಬಂದರು. 2017ರಲ್ಲಿ ಡೋಕ್ಲಾಮಿಗೆ ಬಂದರು. 2020ರ ಜೂನ್ 15ರ ರಾತ್ರಿ ಗಾಲ್ವಾನಿನಲ್ಲಿ ನಮ್ಮ 20 ಯೋಧರು ಬಲಿಯಾದರು. ಅರುಣಾಚಲ ಪ್ರದೇಶವನ್ನು ಚೀನ ದಕ್ಷಿಣ ಟಿಬೆಟ್ ಎನ್ನುತ್ತದೆ. ಅಲ್ಲಿನ ಊರು ಬೆಟ್ಟಗಳಿಗೆ ತನ್ನ ಹೆಸರುಗಳನ್ನಿಟ್ಟು ಪಟ್ಟಿಗಳನ್ನು ಪ್ರಕಟಿಸಿದೆ. ಅದಕ್ಕೂ ಹಳೆಯ ಇತಿಹಾಸವಿದೆ, ಗಡಿಯ ಭಯವಿದೆ, ಭಾರತವು ಅಮೆರಿಕದೊಡನೆ ಕೈ ಕುಲುಕುತ್ತಿದೆಯೆಂಬ ದೂರೂ ಇದೆ. ಮಾಸ್ಕೋಗೆ ಹಿಡಿದ ತಕ್ಕಡಿಯನ್ನೇ ಬೀಜಿಂಗಿಗೂ ಹಿಡಿದರೆ ನಮ್ಮ ಪಾಲಿಗೆ ಉಳಿಯುವುದೇನು?

ಸರ್ಕಾರದ ಮಾತು ಬೇರೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯಲ್ಲಿ 141 ದೇಶಗಳು ದಂಡಯಾತ್ರೆಯನ್ನು ಖಂಡಿಸಿದಾಗ ಭಾರತ ಮತ ಹಾಕಲಿಲ್ಲ. ಸಾವಿರಾರು ವಿದ್ಯಾರ್ಥಿಗಳನ್ನು ಅಲ್ಲಿಂದ ತರಬೇಕಿತ್ತು. ಸೇನೆಗೆ ರಷ್ಯದ ಬಿಡಿಭಾಗಗಳು ಬೇಕಿದ್ದವು. ಮುಂದೆ ಅಗ್ಗದ ಎಣ್ಣೆಯೂ ಹರಿದುಬಂತು. ಈ ಕಾರಣಗಳಲ್ಲಿ ಕೆಲವು ಒಪ್ಪತಕ್ಕವು, ಕೆಲವು ಲೆಕ್ಕಾಚಾರದವು. ಆದರೆ ಸರ್ಕಾರ ಅನುಕೂಲಕ್ಕಾಗಿ ತಾಳಿದ ಮೌನಕ್ಕೆ ಪ್ರಜೆ ಸಿದ್ಧಾಂತದ ಶಾಲು ಹೊದಿಸಬೇಕೆಂಬ ನಿಯಮವಿಲ್ಲ.

ಕೊನೆಯದಾಗಿ, ಈ ಯುದ್ಧ ದೂರದ್ದೆಂದು ಭಾವಿಸಿದವರಿಗೆ ಒಂದು ಮಾತು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರಕ್ಕೆಂದು ಹೊರಬಂದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ರಷ್ಯದ ದಾಳಿಗೆ ಸತ್ತ. 2024ರ ಆರಂಭದಲ್ಲಿ ನಮ್ಮ ಕಲಬುರಗಿಯ ಕೆಲವು ಯುವಕರ ಸುದ್ದಿ ಬಂತು. ಭದ್ರತಾ ಸಹಾಯಕರ ಕೆಲಸವೆಂದು ದಲ್ಲಾಳಿಗಳು ನಂಬಿಸಿ ಅವರನ್ನು ರಷ್ಯಕ್ಕೆ ಕಳಿಸಿದ್ದರು. ಓದಲು ಬಾರದ ಭಾಷೆಯ ಕರಾರಿಗೆ ರುಜು ಹಾಕಿಸಿ ಅವರನ್ನು ಯುದ್ಧಭೂಮಿಗೆ ದೂಡಲಾಗಿತ್ತು. ಹೆತ್ತವರು ಸರ್ಕಾರಕ್ಕೆ ಮೊರೆಯಿಟ್ಟರು. ಸಿಬಿಐ ದಲ್ಲಾಳಿಗಳ ಮೇಲೆ ಮೊಕದ್ದಮೆ ಹೂಡಿತು. ಜುಲೈನಲ್ಲಿ ಪ್ರಧಾನಿಯವರು ಮಾಸ್ಕೋದಲ್ಲಿ ಈ ವಿಷಯವೆತ್ತಿದರು. ಸೆಪ್ಟೆಂಬರಿನಲ್ಲಿ ಹುಡುಗರು ಮನೆಗೆ ಬಂದರು. ಸೂರತ್ತಿನ ಒಬ್ಬ, ಹೈದರಾಬಾದಿನ ಒಬ್ಬ ಬರಲಿಲ್ಲ. ಅವರು ಅಲ್ಲಿಯೇ ಸತ್ತಿದ್ದರು. ರಷ್ಯದ ಗಡಿಯ ಭದ್ರತೆಗೆ ಕಲಬುರಗಿಯ ಬಡವರ ಮಗ ಕಂದಕ ತೋಡಬೇಕಾಗಿ ಬಂತೆಂದರೆ, ಆ ಭದ್ರತೆ ಯಾರದು, ಅದರ ಬೆಲೆ ತೆರುವವರು ಯಾರು ಎಂಬುದನ್ನು ಇನ್ನು ಬಿಡಿಸಿ ಹೇಳಬೇಕೆ?

ನಾವು ಮಾಡಬಹುದಾದ ಕೆಲಸಗಳಿವೆ. ಹೊರದೇಶದ ಕೆಲಸಕ್ಕೆ ಹೋಗುವವರ ಕರಾರು ಅವರು ಓದಬಲ್ಲ ಭಾಷೆಯಲ್ಲಿರಬೇಕೆಂದು ಒತ್ತಾಯಿಸಬಹುದು. ದಲ್ಲಾಳಿಯ ರಹದಾರಿ ನಿಜವೋ ಸುಳ್ಳೋ ಎಂದು ಜಿಲ್ಲಾ ಕಚೇರಿಯಲ್ಲಿಯೇ ತಿಳಿಯುವ ಏರ್ಪಾಡು ಬೇಕೆಂದು ಕೇಳಬಹುದು. ಈ ಕಲ್ಯಾಣ ಕರ್ನಾಟಕದಲ್ಲಿ ಹುಡುಗರಿಗೆ ಕೆಲಸವೇಕೆ ಸಿಗುತ್ತಿಲ್ಲವೆಂದು ನಮ್ಮ ಪ್ರತಿನಿಧಿಗಳನ್ನು ನಿಲ್ಲಿಸಿ ಕೇಳಬಹುದು. ಚಹಾದಂಗಡಿಯಲ್ಲಿ ಕುಳಿತು ರಷ್ಯಕ್ಕೆ ಬೇರೆ ದಾರಿಯಿರಲಿಲ್ಲವೆಂದು ತೀರ್ಪು ಕೊಡುವ ಮಹಾಶಯರು ಇದಕ್ಕೆ ಮುಂಚೆ ಒಂದೇ ಪ್ರಶ್ನೆಗೆ ಉತ್ತರ ಹೇಳಲಿ: ತವಾಂಗಿನ ವಿಷಯದಲ್ಲಿಯೂ ಅವರ ತೀರ್ಪು ಇದೆಯೇನು?