ಹಡಗು ಹೋಗಲಿ, ಡ್ರಾಯಿಂಗ್ ಎಲ್ಲಿ?

ಹಳೇ ಹಡಗು ಒಡೆಯೋದಕ್ಕೆ ನನ್ನ ವಿರೋಧ ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ 'ಹೆರಿಟೇಜ್' ಅಂದ ಕೂಡಲೇ ನಮ್ಮ ಕ್ಲಾಸಿನ ಅರ್ಧ ಜನ ಮುಂದೆ ಓದೋದೇ ಇಲ್ಲ.

ನಾನು ಹೇಳ್ತಿರೋದು ಡಫರಿನ್ ಬಗ್ಗೆ. 1904ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ, ಸೈನಿಕರನ್ನು ಸಾಗಿಸುವ ಹಡಗು. 1927ರಲ್ಲಿ ಅದನ್ನು ಬಾಂಬೆಯ ಮಜಗಾಂವ್ ಹತ್ತಿರ ಲಂಗರು ಹಾಕಿ ನಿಲ್ಲಿಸಿ, ಭಾರತೀಯ ಹುಡುಗರ ತರಬೇತಿ ಹಡಗು ಮಾಡಿದರು. ಅಲ್ಲೀವರೆಗೆ ನಮ್ಮವರು ಹಡಗಿನಲ್ಲಿ ಡೆಕ್ ತೊಳೀಬಹುದಿತ್ತು, ಬಾಯ್ಲರಿಗೆ ಕಲ್ಲಿದ್ದಲು ಹಾಕಬಹುದಿತ್ತು. ಆಫೀಸರ್ ಆಗೋ ದಾರಿ ಹೆಚ್ಚುಕಮ್ಮಿ ಮುಚ್ಚಿತ್ತು. ಡಫರಿನ್‌ನ ಮೊದಲ ಬ್ಯಾಚಿನ ಹುಡುಗ ರಾಮದಾಸ್ ಕಟಾರಿ 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1935ರಿಂದ ಅಲ್ಲಿ ಇಂಜಿನಿಯರಿಂಗ್ ಕೆಡೆಟ್‌ಗಳೂ ಇದ್ದರು. ಅಂದ್ರೆ ಮೆಕ್ಯಾನಿಕಲ್‌ನವರೇ, ಅವರು ನಿಮ್ಮ ಸೂಪರ್ ಸೀನಿಯರ್ಸ್!

1972ರಲ್ಲಿ ಅದರ ಜಾಗಕ್ಕೆ 'ರಾಜೇಂದ್ರ' ಬಂತು, ಡಫರಿನ್ ಗುಜರಿಗೆ ಹೋಯ್ತು. 1993ರಲ್ಲಿ ರಾಜೇಂದ್ರದ ಕಾಲವೂ ಮುಗಿದು, ತರಬೇತಿ ನವಿ ಮುಂಬೈಯಲ್ಲಿ ನೆಲದ ಮೇಲಿನ 'ಚಾಣಕ್ಯ'ಕ್ಕೆ ಹೋಯ್ತು. ಹಳೇ ಕೆಡೆಟ್‌ಗಳು ಇವತ್ತಿಗೂ ಮೂರೂ ಹೆಸರು ಸೇರಿಸಿ ಒಂದೇ ಮನೆಯವರು ಅಂತಾರೆ. ಮನೆ ಮಾತ್ರ ಇಲ್ಲ.

ಉಳಿಸಬಹುದಿತ್ತಾ? ಕಷ್ಟ. ಉಪ್ಪುನೀರು ಪ್ಲೇಟುಗಳನ್ನ ತಿಂತಾನೇ ಇರುತ್ತೆ, ಡ್ರೈಡಾಕ್ ಖರ್ಚು ನಿಲ್ಲೋದೇ ಇಲ್ಲ. ವಿಕ್ರಾಂತ್ ನೋಡಿ. 1971ರ ಯುದ್ಧ ಮಾಡಿದ ಹಡಗು, 1997ರಲ್ಲಿ ನಿವೃತ್ತಿ, ಆಮೇಲೆ ಮ್ಯೂಸಿಯಂ, 2012ರಲ್ಲಿ ಸುರಕ್ಷಿತವಲ್ಲ ಅಂತ ಬಂದ್, 2014ರಲ್ಲಿ ಗ್ಯಾಸ್ ಕಟರ್. ಅದರ ಉಕ್ಕು ಸ್ವಲ್ಪ ಬಜಾಜ್ ಬೈಕಿಗೂ ಹೋಯ್ತು. ನಮ್ಮ ಕಾರವಾರದ ಚಪಲ್ ಉಳಿದಿದೆ ನಿಜ, ಆದ್ರೆ ಅದು ಚಿಕ್ಕ ದೋಣಿ, ದಡಕ್ಕೆ ಎತ್ತಿಟ್ಟಿದ್ದಾರೆ.

ನನ್ನ ತಕರಾರು ಬೇರೆ. ಹಡಗು ಒಡೆಯುವ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಆಸ್ಬೆಸ್ಟಾಸ್ ಥರದ ಅಪಾಯಕಾರಿ ವಸ್ತು ಹಡಗಿನಲ್ಲಿ ಎಲ್ಲೆಲ್ಲಿದೆ ಅನ್ನೋ ಪಟ್ಟಿ ಕಡ್ಡಾಯ. ತುಂಬಾ ಒಳ್ಳೇದು, ಕಟರ್ ಹಿಡಿಯೋ ಕಾರ್ಮಿಕರ ಜೀವದ ಪ್ರಶ್ನೆ. ಆದ್ರೆ ಹಡಗಿನಲ್ಲಿ ವಿಷ ಎಲ್ಲಿತ್ತು ಅಂತ ಬರೆದಿಡೋರು, ವಿದ್ಯೆ ಎಲ್ಲಿತ್ತು ಅಂತ ಯಾಕೆ ಬರೆಯಬಾರದು? ತರಬೇತಿ ಹಡಗು ಅಂದ್ರೆ ತೇಲೋ ಲ್ಯಾಬ್ ತಾನೇ. ಡ್ರಾಯಿಂಗ್ ಸ್ಕ್ಯಾನ್ ಮಾಡಿ, ಇಂಜಿನ್ ರೂಮನ್ನ ತ್ರೀಡಿಯಲ್ಲಿ ಅಳೆದು, ಹಳಬರನ್ನ ಒಳಗೆ ನಡೆಸಿ ಅವರು ಹೇಳಿದ್ದನ್ನ ರೆಕಾರ್ಡ್ ಮಾಡೋಕೆ ಎರಡು ವಾರ ಬೇಕಾದೀತು. ಉಕ್ಕಿನ ರೇಟು ಅಷ್ಟರಲ್ಲಿ ಬಿದ್ದುಹೋಗಲ್ಲ. ಡಫರಿನ್‌ನಲ್ಲಿ ಕಲಿತ ಕೊನೆಯ ಹುಡುಗರಿಗೇ ಈಗ ಎಪ್ಪತ್ತು ದಾಟಿದೆ.

ಬಾಂಬೆ ತನಕ ಯಾಕೆ ಹೋಗಬೇಕು? ನಮ್ಮ ವರ್ಕ್‌ಶಾಪ್ ಹಿಂದೆ 'ಕಂಡೆಮ್ಡ್' ಅಂತ ಬಿಳಿ ಬಣ್ಣದಲ್ಲಿ ಬರೆದ ಬೆಲ್ಟ್ ಡ್ರೈವ್ ಲೇತ್ ಇದೆ. ಮುಂದಿನ ತಿಂಗಳು ಹರಾಜು. ಅದರ ಗೇರ್ ಹೇಗೆ ಬದಲಾಯಿಸೋದು ಅಂತ ಸರಿಯಾಗಿ ಗೊತ್ತಿರೋ ಇನ್‌ಸ್ಟ್ರಕ್ಟರ್ ಈ ವರ್ಷವೇ ರಿಟೈರ್ ಆಗ್ತಾರೆ. ಕೇಳಿದೆ, "ಯಾರಾದ್ರೂ ಬಂದ್ರೆ ಪೂರ್ತಿ ಬಿಚ್ಚಿ ತೋರಿಸ್ತೀನಪ್ಪಾ" ಅಂದ್ರು. ಶನಿವಾರ ಮಧ್ಯಾಹ್ನ ಎರಡಕ್ಕೆ. ವರ್ನಿಯರ್, ಫೋನ್ ತನ್ನಿ. ಚಪ್ಪಲಿ ಹಾಕ್ಕೊಂಡು ಬಂದ್ರೆ ಸರ್ ಒಳಗೆ ಬಿಡಲ್ಲ.