ಯಂತ್ರ ಅಳಿದರೂ ಆಟ ಉಳಿಯಲಿ

2014ರಲ್ಲಿ ನಿಂಟೆಂಡೊ ಸಂಸ್ಥೆಯು ತನ್ನ ‘ವೀ ಯು’ ಕನ್ಸೋಲ್‌ಗಾಗಿ ‘ಮಾರಿಯೋ ಕಾರ್ಟ್ 8’ ಎಂಬ ಆಟವನ್ನು ತಂದಿತು. ಆಟ ಗೆದ್ದಿತು, ಯಂತ್ರ ಸೋತಿತು. ಒಟ್ಟು ಮಾರಾಟವಾದ ಯಂತ್ರಗಳು ಸುಮಾರು 1.35 ಕೋಟಿ ಮಾತ್ರ. 2017ರಲ್ಲಿ ಅದೇ ಆಟವನ್ನು ‘ಸ್ವಿಚ್’ ಯಂತ್ರಕ್ಕೆ ಹೊಂದಿಸಿ ಮರಳಿ ತಂದಾಗ ಅದರ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಹೀಗೆ ಹೊಂದಿಸುವುದನ್ನೇ ಪೋರ್ಟ್ ಎನ್ನುತ್ತಾರೆ.

2024ರಲ್ಲಿ ಮೈಕ್ರೋಸಾಫ್ಟ್, ಕನ್ಸೋಲ್‌ಗಳ ಪೈಕಿ ಎಕ್ಸ್‌ಬಾಕ್ಸ್‌ನಲ್ಲಷ್ಟೇ ಇದ್ದ ನಾಲ್ಕು ಆಟಗಳನ್ನು ಪ್ರತಿಸ್ಪರ್ಧಿ ಯಂತ್ರಗಳಿಗೂ ಕೊಡಲು ಹೊರಟಾಗ ಅನೇಕ ಅಭಿಮಾನಿಗಳು ನೊಂದುಕೊಂಡರು. ದುಡ್ಡು ಕೂಡಿಟ್ಟು ಒಂದೇ ಯಂತ್ರವನ್ನು ನಂಬಿದವರ ನೋವು ನಮಗೆ ಅರ್ಥವಾಗುತ್ತದೆ. ಆದರೂ ನಾವು ಪೋರ್ಟ್‌ಗಳ ಪರವೇ. ಯಂತ್ರದ ಆಯುಷ್ಯ ಕೆಲವೇ ವರ್ಷ. ಒಳ್ಳೆಯ ಆಟವೊಂದು ಅದರೊಡನೆ ಮಣ್ಣಾಗಬೇಕಿಲ್ಲ.

ನಮ್ಮ ತಕರಾರು ಬೇರೆ. ವೀ ಯುನಲ್ಲಿ ಆ ಆಟವನ್ನು ಕೊಂಡಿದ್ದವರೂ ಸ್ವಿಚ್‌ನಲ್ಲಿ ಪೂರ್ಣ ಬೆಲೆ ತೆತ್ತು ಮತ್ತೆ ಕೊಳ್ಳಬೇಕಾಯಿತು. 2025ರ ‘ಸ್ವಿಚ್ 2’ ಹಳೆಯ ಸ್ವಿಚ್ ಆಟಗಳಲ್ಲಿ ಬಹುಪಾಲನ್ನು ಹಾಗೆಯೇ ಆಡಿಸುತ್ತದೆ. ಇದೇ ಸರಿಯಾದ ದಾರಿ. ಊರು ಬಿಟ್ಟು ಬಂದ ನಾವು ಪುಸ್ತಕಗಳನ್ನು ಹೊತ್ತು ತಂದೆವು. ಹೊಸ ಊರಿನಲ್ಲಿ ಅವನ್ನು ಮತ್ತೆ ಕೊಳ್ಳಿರೆಂದು ಯಾರೂ ಹೇಳಲಿಲ್ಲ. ಯಂತ್ರ ಬದಲಿಸುವವರಿಗೂ ಅದೇ ನ್ಯಾಯ ಸಲ್ಲಬೇಕು.